ಹೊಸ ಮಾನಿಟರ್ ಬಂತು, ಸೌಂಡ್ ಹೋಯಿತು: ಲಿನಕ್ಸ್‌ನಲ್ಲಿ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಮನೆ. ಹಳೇ ಡೆಸ್ಕ್‌ಟಾಪ್‌ಗೆ ಅಕ್ಕನ ಮಗ ಲಿನಕ್ಸ್ ಮಿಂಟ್ 22 ಹಾಕಿಕೊಟ್ಟಿದ್ದಾನೆ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ತೋಟದ ಲೆಕ್ಕಕ್ಕೂ ಅದೇ, ಮಳೆಗೆ ಶಾಲೆ ರಜೆ ಕೊಟ್ಟಾಗ ಮಗಳ ಪಾಠಕ್ಕೂ ಅದೇ. ಜುಲೈಯಲ್ಲಿ ಹಳೇ ಮಾನಿಟರ್ ಕೆಟ್ಟು ಹೊಸದು ತಂದೆವು, ಎಚ್‌ಡಿಎಂಐ ಕೇಬಲ್‌ನಲ್ಲಿ ಹಾಕಿದ್ದೇವೆ. ಅದೇ ವಾರ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗೋದು, ಬರೋದು ಆಯಿತು. ಆಮೇಲೆ ಸೌಂಡೇ ಇಲ್ಲ. ವಿಡಿಯೋ ಓಡುತ್ತದೆ, ವಾಲ್ಯೂಮ್ ನೂರಕ್ಕೆ ನೂರು ತೋರಿಸುತ್ತದೆ. ಸ್ಪೀಕರ್ ಪಿನ್ ಮೊಬೈಲ್‌ಗೆ ಹಾಕಿದರೆ ಚೆನ್ನಾಗಿ ಕೇಳುತ್ತದೆ. ರಿಪೇರಿ ಅಂಗಡಿಯವರು "ಲಿನಕ್ಸ್ ಅಲ್ವಾ, ಅದು ಹಾಗೇ. ವಿಂಡೋಸ್ ಹಾಕಿಸಿಬಿಡಿ" ಎಂದರು. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ?

ಉತ್ತರ: ಬೇಡ, ಏನೂ ಅಳಿಸಬೇಡಿ. ಡಿಸ್ಕ್ ಖಾಲಿ ಮಾಡಿ ಲಿನಕ್ಸನ್ನೇ ಮತ್ತೆ ಹಾಕಿದರೂ ಅಷ್ಟೇ, ವಿಂಡೋಸ್ ಹಾಕಿದರೂ ಅಷ್ಟೇ, ಇದೇ ತೊಂದರೆ ಮತ್ತೆ ಎದುರಾಗಬಹುದು. ನೀವು ಬರೆದದ್ದು ಓದಿದರೆ ಸೌಂಡ್ ನಿಂತಿದೆ ಅಂತ ನನಗೆ ಅನಿಸುವುದಿಲ್ಲ. ಅದು ಮಾನಿಟರ್‌ಗೆ ಹೋಗ್ತಾ ಇದೆ.

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರದ ಜೊತೆ ಸೌಂಡೂ ಹೋಗುತ್ತದೆ. ನಿಮ್ಮ ಹಳೇ ಮಾನಿಟರ್ ಬಹುಶಃ ನೀಲಿ ತುದಿಯ ವಿಜಿಎ ಕೇಬಲ್‌ನದು. ಅದರಲ್ಲಿ ಚಿತ್ರ ಮಾತ್ರ. ಹೊಸ ಮಾನಿಟರ್ ಹಾಕಿದ ಕೂಡಲೇ ಅದು ಕಂಪ್ಯೂಟರ್‌ಗೆ ತನ್ನ ವಿವರ ಕಳಿಸುತ್ತದೆ. ಪರದೆಯ ಅಳತೆ ಇಷ್ಟು, ಸೌಂಡ್ ಕೊಟ್ಟರೆ ತಗೋತೀನಿ, ಹೀಗೆ. ಒಳಗೆ ಸ್ಪೀಕರ್ ಇಲ್ಲದ ಮಾನಿಟರ್ ಕೂಡ ಸೌಂಡ್ ತಗೋತೀನಿ ಅನ್ನುವುದುಂಟು. ಹಿಂದೆ ಒಂದು ಹೆಡ್‌ಫೋನ್ ತೂತು ಇದ್ದರೆ ಸಾಕು. ಲಿನಕ್ಸ್ ಅದನ್ನು ನಂಬಿ ಸೌಂಡನ್ನೆಲ್ಲ ಅತ್ತ ತಿರುಗಿಸಿದರೆ ನಿಮ್ಮ ಸ್ಪೀಕರ್‌ಗೆ ಏನೂ ಸಿಗುವುದಿಲ್ಲ. ವಾಲ್ಯೂಮ್ ನೂರು ಅಂತ ಕಾಣುವುದು ಸುಳ್ಳಲ್ಲ, ಅದು ಮಾನಿಟರ್‌ನ ನೂರು. ಪರದೆಯ ಅಂಚಿನ ಪ್ಯಾನೆಲ್‌ನಲ್ಲಿರುವ ಆ ವಾಲ್ಯೂಮ್ ಪಟ್ಟಿ ಯಾವತ್ತೂ ಆಗ ಆಯ್ಕೆಯಾಗಿರುವ ಒಂದು ದಾರಿಯದ್ದನ್ನೇ ತೋರಿಸುವುದು.

ಕೀಬೋರ್ಡ್ ಮುಟ್ಟುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಮಾನಿಟರ್ ಹಿಂದೆ ಹೆಡ್‌ಫೋನ್ ತೂತು ಇದ್ದರೆ ಸ್ಪೀಕರ್ ಪಿನ್ ಅಲ್ಲಿಗೆ ಚುಚ್ಚಿ ಒಂದು ವಿಡಿಯೋ ಓಡಿಸಿ. ಕೇಳಿಸಿತಾ? ಹಾಗಾದರೆ ಗೊತ್ತಾಯಿತಲ್ಲ. ಬೇಕಾದರೆ ಪಿನ್ ಅಲ್ಲೇ ಬಿಟ್ಟುಬಿಡಿ, ನಷ್ಟವೇನಿಲ್ಲ. ಮೆಲ್ಲಗೆ ಕೇಳಿಸಿದರೆ ಮಾನಿಟರ್‌ನ ಬಟನ್ ಒತ್ತಿ ಅದರ ಸ್ವಂತ ಮೆನುವಿನಲ್ಲಿ ವಾಲ್ಯೂಮ್ ಏರಿಸಿ. ಆ ತೂತೇ ಇಲ್ಲ ಅಂದರೆ, ಅಥವಾ ಸೌಂಡ್ ಸಿಪಿಯುನಿಂದಲೇ ಬರಬೇಕು ಅಂದರೆ ಮುಂದೆ ಓದಿ.

ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ ತಿರುಗದಿದ್ದರೆ ಯಾರೂ ಹೊಸ ಕೆರೆ ತೋಡಲು ಹೋಗುವುದಿಲ್ಲ. ಪಂಪಿನಿಂದ ಶುರು ಮಾಡಿ ಪೈಪ್ ಹಿಡಿದುಕೊಂಡು ನೋಡುತ್ತಾ ಬರುತ್ತಾರೆ. ಇಲ್ಲೂ ಅದೇ ಕೆಲಸ. ಬ್ರೌಸರ್‌ನಿಂದ ಹೊರಟ ಸೌಂಡ್ ಮೊದಲು ಪೈಪ್‌ವೈರ್ ಅನ್ನುವ ಸೌಂಡ್ ಸರ್ವರ್‌ಗೆ ಬರುತ್ತದೆ. ಯಾವ ಆ್ಯಪ್‌ನ ಸೌಂಡ್ ಯಾವ ತೂತಿಗೆ ಹೋಗಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಂದ ಆಲ್ಸಾಗೆ. ಅದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ಒಳಗಿನ ಡ್ರೈವರ್ ಪದರ. ಆಮೇಲೆ ಮದರ್‌ಬೋರ್ಡ್‌ನ ಸೌಂಡ್ ಚಿಪ್, ಅದರಿಂದ ಹಿಂದಿನ ಹಸಿರು ತೂತು, ಕೊನೆಗೆ ಸ್ಪೀಕರ್. ಸ್ಪೀಕರ್ ಸರಿ ಇದೆ ಅಂತ ನೀವೇ ಮೊಬೈಲ್ ಹಾಕಿ ನೋಡಿದ್ದೀರಿ, ಒಳ್ಳೇದಾಯಿತು. ಉಳಿದದ್ದರಲ್ಲಿ ಎಲ್ಲಿವರೆಗೆ ಬಂದು ನಿಂತಿದೆ ಅಂತ ನೋಡೋಣ.

ಪ್ಯಾನೆಲ್‌ನ ಸ್ಪೀಕರ್ ಚಿತ್ರ ಒತ್ತಿ ಆಡಿಯೋ ಮಿಕ್ಸರ್ ಆರಿಸಿ. ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ಅನ್ನುವ ಕಿಟಕಿ ತೆರೆಯುತ್ತದೆ. ನೋಡಲು ಅಷ್ಟೇನೂ ಚೆಂದ ಇಲ್ಲ. ಆದರೆ ಸೌಂಡ್ ಹೋದಾಗ ನನ್ನ ಕೈ ಮೊದಲು ಹೋಗುವುದು ಇದರ ಕಡೆಗೇ. ಮೇಲೆ ಐದು ಟ್ಯಾಬ್ ಇರುತ್ತವೆ. ಒಂದು ವಿಡಿಯೋ ಓಡಿಸಿಟ್ಟುಕೊಂಡು ಮೊದಲನೆಯದಕ್ಕೆ, ಅಂದರೆ ಪ್ಲೇಬ್ಯಾಕ್‌ಗೆ ಹೋಗಿ. ಫೈರ್‌ಫಾಕ್ಸ್ ಹೆಸರಿನ ಒಂದು ಸಾಲು ಕಾಣಬೇಕು, ಅದರ ಕೆಳಗೆ ಸೌಂಡಿಗೆ ತಕ್ಕ ಹಾಗೆ ಹಿಂದೆ ಮುಂದೆ ಓಡಾಡುವ ಒಂದು ತೆಳು ಪಟ್ಟಿ. ಈ ಪಟ್ಟಿಯ ಮೇಲೆ ಕಣ್ಣಿಡಿ. ಅದು ಕುಣಿಯುತ್ತಿದ್ದರೆ ಬ್ರೌಸರ್ ತನ್ನ ಕೆಲಸ ಮಾಡಿದೆ, ಸೌಂಡ್ ಸರ್ವರ್‌ವರೆಗೆ ಬಂದಿದೆ. ಸಾಲೇ ಇಲ್ಲ, ಅಥವಾ ಪಟ್ಟಿ ಅಲ್ಲಾಡುತ್ತಿಲ್ಲ ಅಂದರೆ ತೊಂದರೆ ಇನ್ನೂ ಬ್ರೌಸರ್‌ನಲ್ಲೇ ಇದೆ. ಆ ಟ್ಯಾಬನ್ನು ಯಾರೋ ಮ್ಯೂಟ್ ಮಾಡಿರುತ್ತಾರೆ, ಇಲ್ಲವೇ ವಿಡಿಯೋ ಕೆಳಗಿನ ಸ್ಪೀಕರ್ ಚಿತ್ರಕ್ಕೆ ಗೀಟು ಬಿದ್ದಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದು ಅಪರೂಪವೇನಲ್ಲ.

ಅದೇ ಸಾಲಿನ ಬಲಗಡೆ, ಸೌಂಡ್ ಹೋಗುವ ಜಾಗದ ಹೆಸರು ಬರೆದಿರುತ್ತದೆ. ಒಂದಕ್ಕಿಂತ ಜಾಸ್ತಿ ದಾರಿ ಇದ್ದರೆ ಅದು ಒತ್ತಿ ಬದಲಾಯಿಸುವ ಬಟನ್ ಆಗಿರುತ್ತದೆ. ಅಲ್ಲಿ ಎಚ್‌ಡಿಎಂಐ ಅಂತ ಇದ್ದರೆ ಒತ್ತಿ, ಅನಲಾಗ್ ಸ್ಟೀರಿಯೋ, ಅಂದರೆ ಹಸಿರು ತೂತಿನ ದಾರಿ, ಆರಿಸಿ. ಇಲ್ಲಿ ಒಂದು ಕಿರಿಕಿರಿ ಇದೆ. ಯಾವ ಆ್ಯಪನ್ನು ಕೊನೆಯ ಸಲ ಎಲ್ಲಿಗೆ ಕಳಿಸಿದ್ದಿರಿ, ಅದರ ವಾಲ್ಯೂಮ್ ಎಷ್ಟಿತ್ತು, ಮ್ಯೂಟ್ ಆಗಿತ್ತಾ ಅನ್ನುವುದನ್ನೆಲ್ಲ ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ವಿಎಲ್‌ಸಿ ಸ್ಪೀಕರ್‌ನಲ್ಲಿ ಹಾಡುತ್ತಿರುತ್ತದೆ, ಫೈರ್‌ಫಾಕ್ಸ್ ಮಾತ್ರ ಮಾನಿಟರ್‌ಗೇ ಹೋಗುತ್ತಿರುತ್ತದೆ. ಬ್ರೌಸರ್ ಕೆಟ್ಟಿದೆ ಅಂತ ಜನ ಅದನ್ನೇ ತೆಗೆದು ಮತ್ತೆ ಹಾಕುತ್ತಾರೆ. ಆ ನೆನಪು ಇರುವುದು ಬ್ರೌಸರ್‌ನಲ್ಲಲ್ಲ. ಒಂದೊಂದು ಆ್ಯಪನ್ನೂ ಓಡಿಸಿ ಇದೇ ಟ್ಯಾಬ್‌ನಲ್ಲಿ ಸರಿಪಡಿಸಬೇಕು.

ಈಗ ಮೂರನೆಯ ಟ್ಯಾಬ್, ಔಟ್‌ಪುಟ್ ಡಿವೈಸಸ್. ಸೌಂಡ್ ಹೊರಬರುವ ದಾರಿಗಳೆಲ್ಲ ಇಲ್ಲಿ ಸಾಲಾಗಿರುತ್ತವೆ. ಅನಲಾಗ್ ಸ್ಟೀರಿಯೋ ಕಂಡರೆ ಅದರ ಪಕ್ಕದ ಹಸಿರು ಸರಿ ಗುರುತು ಒತ್ತಿ. ಇನ್ನು ಮುಂದೆ ಅದೇ ಮುಖ್ಯ ದಾರಿ ಆಗುತ್ತದೆ. ಅದರ ಕೆಳಗೆ ಪೋರ್ಟ್ ಅಂತ ಇರುತ್ತದೆ. ಲೈನ್ ಔಟ್ ಅಂದರೆ ಸಿಪಿಯು ಹಿಂದಿನ ಹಸಿರು ತೂತು. ಹೆಡ್‌ಫೋನ್ಸ್ ಅಂದರೆ ಸಾಮಾನ್ಯವಾಗಿ ಮುಂದಿನದು. ಪೋರ್ಟ್ ಹೆಸರಿನ ಪಕ್ಕ ಪ್ಲಗ್ಡ್ ಇನ್ ಅಥವಾ ಅನ್‌ಪ್ಲಗ್ಡ್ ಅಂತ ಬರೆದಿರುವುದನ್ನು ಗಮನಿಸಿ. ಪಿನ್ ಚುಚ್ಚಿದ್ದೂ ಅನ್‌ಪ್ಲಗ್ಡ್ ಅಂತ ತೋರಿಸಿದರೆ ಅದು ದೊಡ್ಡ ಸುಳಿವು, ಮುಂದೆ ಹೇಳುತ್ತೇನೆ.

ಅನಲಾಗ್ ಅನ್ನುವುದೇ ಇಲ್ಲ, ಎಚ್‌ಡಿಎಂಐ ಒಂದೇ ಇದೆ ಅಂದರೆ ಗಾಬರಿಯಾಗಬೇಡಿ. ಹೆಚ್ಚಿನವರು ಇಲ್ಲೇ ಡ್ರೈವರ್ ಹೋಯಿತು ಅಂತ ಕೈಚೆಲ್ಲುತ್ತಾರೆ. ಕೊನೆಯ ಟ್ಯಾಬ್, ಕಾನ್ಫಿಗರೇಶನ್‌ಗೆ ಹೋಗಿ. ಹಳೇ ಇಂಟೆಲ್ ಬೋರ್ಡ್‌ಗಳಲ್ಲಿ ಎಚ್‌ಡಿಎಂಐ ಸೌಂಡೂ ಹಸಿರು ತೂತಿನ ಸೌಂಡೂ ಒಂದೇ ಕಾರ್ಡ್‌ನ ಎರಡು ಮುಖಗಳಾಗಿ ಕಾಣುವುದು ಜಾಸ್ತಿ. ಆ ಕಾರ್ಡ್‌ಗೆ ಒಂದು ಸಲಕ್ಕೆ ಒಂದೇ ಪ್ರೊಫೈಲ್, ಅಂದರೆ ಯಾವ ಮುಖ ಕೆಲಸ ಮಾಡಬೇಕು ಅನ್ನುವ ಆಯ್ಕೆ. ಪ್ರೊಫೈಲ್ ಡಿಜಿಟಲ್ ಸ್ಟೀರಿಯೋ ಎಚ್‌ಡಿಎಂಐ ಅಂತ ಕೂತಿದ್ದರೆ ಅನಲಾಗ್ ದಾರಿ ಪಟ್ಟಿಯಿಂದಲೇ ಮಾಯ. ಪ್ರೊಫೈಲನ್ನು ಅನಲಾಗ್ ಸ್ಟೀರಿಯೋ ಡ್ಯೂಪ್ಲೆಕ್ಸ್‌ಗೆ ಬದಲಾಯಿಸಿ. ಡ್ಯೂಪ್ಲೆಕ್ಸ್ ಅಂದರೆ ಸ್ಪೀಕರ್ ಜೊತೆ ಮೈಕೂ ಸೇರಿತು. ಆನ್‌ಲೈನ್ ಪಾಠಕ್ಕೆ ಅದು ಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡು ಕಾರ್ಡ್ ಕಾಣಿಸುತ್ತದೆ. ಆಗ ಗ್ರಾಫಿಕ್ಸ್‌ನದಕ್ಕೆ ಆಫ್ ಅಂತ ಕೊಟ್ಟುಬಿಡಿ. ಆಫ್ ಮಾಡಿದರೆ ಚಿತ್ರಕ್ಕೆ ಏನೂ ಆಗುವುದಿಲ್ಲ, ಮಾನಿಟರ್‌ಗೆ ಸೌಂಡ್ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ನಿಮ್ಮಂಥ ಕೇಸ್‌ಗಳಲ್ಲಿ ಹತ್ತಕ್ಕೆ ಎಂಟು ಇಲ್ಲಿಗೆ ಮುಗಿಯುತ್ತವೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಮುಗಿಯದಿದ್ದರೆ? ಔಟ್‌ಪುಟ್ ಡಿವೈಸಸ್‌ನಲ್ಲಿ ಅನಲಾಗ್ ಆಯ್ಕೆಯಾಗಿದೆ, ಅಲ್ಲೂ ಪಟ್ಟಿ ಕುಣಿಯುತ್ತಿದೆ, ಆದರೂ ಸ್ಪೀಕರ್‌ನಿಂದ ಏನೂ ಬರುತ್ತಿಲ್ಲ ಅಂದುಕೊಳ್ಳಿ. ಹಾಗಾದರೆ ಪೈಪ್‌ವೈರ್ ದಾಟಿ ಆಲ್ಸಾಗೆ ಇಳಿಯಬೇಕು. ಮೆನುವಿನಿಂದ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆದು ಆಲ್ಸಾಮಿಕ್ಸರ್ ಅಂತ ಹೊಡೆದು ಎಂಟರ್ ಒತ್ತಿ. ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ: ಎ, ಎಲ್, ಎಸ್, ಎ, ಎಂ, ಐ, ಎಕ್ಸ್, ಇ, ಆರ್. ಎಫ್6 ಒತ್ತಿ ಎಚ್‌ಡಿಎ ಇಂಟೆಲ್ ಅನ್ನುವಂಥ ಹೆಸರಿನ ಕಾರ್ಡ್ ಆರಿಸಿ. ಮಾಸ್ಟರ್, ಹೆಡ್‌ಫೋನ್, ಪಿಸಿಎಂ, ಫ್ರಂಟ್ ಅಂತ ಕಂಬಗಳು ನಿಂತಿರುತ್ತವೆ. ಕಂಬದ ಬುಡದಲ್ಲಿ ಎರಡು ಎಂ ಇದ್ದರೆ ಅದು ಮ್ಯೂಟ್ ಆಗಿದೆ. ಬಾಣದ ಕೀಯಲ್ಲಿ ಅಲ್ಲಿಗೆ ಹೋಗಿ ಎಂ ಒತ್ತಿದರೆ ಎರಡು ಸೊನ್ನೆಯಾಗುತ್ತದೆ. ಮೇಲಿನ ಬಾಣ ಒತ್ತಿ ಏರಿಸಿ. ಮಾಸ್ಟರ್ ಒಂದನ್ನೇ ನೋಡಿ ಬಿಡಬೇಡಿ. ಹಿಂದಿನ ತೂತಿನ ಸೌಂಡ್ ಕೆಲವು ಬೋರ್ಡ್‌ನಲ್ಲಿ ಫ್ರಂಟ್ ಅನ್ನುವ ಕಂಬದಲ್ಲಿರುತ್ತದೆ, ಕೆಲವಲ್ಲಿ ಲೈನ್ ಔಟ್ ಅನ್ನುವುದರಲ್ಲಿ. ಫ್ರಂಟ್ ಅಂದರೆ ಸಿಪಿಯು ಮುಂದುಗಡೆ ಅಂತ ಅಲ್ಲ, ಕೇಳುವವರ ಎದುರಿನ ಸ್ಪೀಕರ್ ಅಂತ.

ಈ ಆಲ್ಸಾ ಹಂತಕ್ಕೂ ನಿಮ್ಮ ಮನೆಯ ಕರೆಂಟ್ ಕಥೆಗೂ ಸಂಬಂಧ ಇರಬಹುದು. ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿದಾಗ ಈ ಕಂಬಗಳ ಮಟ್ಟವನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಮತ್ತೆ ಆನ್ ಆದಾಗ ಅದನ್ನೇ ಹಾಕುತ್ತದೆ. ಕರೆಂಟ್ ಹಠಾತ್ತಾಗಿ ಹೋದರೆ ಬರೆಯಲು ಪುರುಸೊತ್ತೇ ಇರುವುದಿಲ್ಲ, ಆದ್ದರಿಂದ ಹಿಂದೆ ಎಂದೋ ಬರೆದದ್ದೇ ವಾಪಸ್ ಬರುತ್ತದೆ. ಇವತ್ತು ಸರಿ ಮಾಡಿದ ಮೇಲೆ ಒಂದು ಸಲ ನೀವೇ ಶಟ್‌ಡೌನ್ ಕೊಟ್ಟು ಆನ್ ಮಾಡಿ. ಬಟನ್ ಒತ್ತಿ ಹಿಡಿದು ಆಫ್ ಮಾಡಬೇಡಿ.

ಪದೇ ಪದೇ ಕರೆಂಟ್ ಹೋದ ಮೇಲೆ ಗಡಿಯಾರವೂ ಹಳೇ ತಾರೀಕು ತೋರಿಸುತ್ತಿದೆಯಾ ನೋಡಿ. ಹಾಗಿದ್ದರೆ ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ, ಸಿಆರ್2032, ಖಾಲಿಯಾಗಿದೆ. ಕರೆಂಟ್ ಇಲ್ಲದಾಗಲೆಲ್ಲ ಬಯೋಸ್, ಅಂದರೆ ಲಿನಕ್ಸ್‌ಗಿಂತ ಮೊದಲೇ ಏಳುವ ಮದರ್‌ಬೋರ್ಡ್‌ನ ಸ್ವಂತ ಪ್ರೋಗ್ರಾಂ, ಅದರ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗುತ್ತಿರುತ್ತದೆ. ಹೊಸ ಬ್ಯಾಟರಿ ಹಾಕಿ, ಬಯೋಸ್‌ಗೆ ಹೋಗಿ ಆನ್‌ಬೋರ್ಡ್ ಆಡಿಯೋ ಎನೇಬಲ್ಡ್ ಇದೆಯಾ ಅಂತಲೂ ನೋಡಿಕೊಳ್ಳಿ. ತಾರೀಕು ತಪ್ಪಿದ್ದರೆ ಎಷ್ಟೋ ವೆಬ್‌ಸೈಟ್ ತೆರೆಯುವುದೂ ಇಲ್ಲ, ಅಪ್‌ಡೇಟೂ ಆಗುವುದಿಲ್ಲ.

ಈಗ ಆ ಅನ್‌ಪ್ಲಗ್ಡ್ ವಿಚಾರ. ಮಳೆಗಾಲದ ಕೊಡಗಿನಲ್ಲಿ ಇದನ್ನು ಬಿಟ್ಟು ಮುಂದೆ ಹೋಗುವ ಹಾಗೇ ಇಲ್ಲ. ಹಸಿರು ತೂತಿನ ಒಳಗೆ ಸೌಂಡ್ ಸಾಗಿಸುವ ಪಟ್ಟಿಗಳ ಜೊತೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಪಿನ್ ಒಳಗೆ ಹೋದ ಕೂಡಲೇ ಅದು ಕದಲಿ, ಏನೋ ಚುಚ್ಚಿದ್ದಾರೆ ಅಂತ ಚಿಪ್‌ಗೆ ತಿಳಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಯಲ್ಲಿ, ಬೀರುವಿನ ಬಟ್ಟೆಗೆ ಬೂಸ್ಟು ಬರುವ ಊರಲ್ಲಿ, ಆ ತೆಳು ಲೋಹಕ್ಕೆ ಕಿಲುಬು ಹಿಡಿಯದೆ ಇರುತ್ತದಾ ಮಾರಾಯ್ರೆ? ಕಿಲುಬು ಹಿಡಿದ ಸ್ವಿಚ್ ಎರಡು ಥರ ಕಾಟ ಕೊಡುತ್ತದೆ. ಹಿಂದಿನ ತೂತಿನದು ಕೆಟ್ಟರೆ ಪಿನ್ ಇದ್ದೂ ಇಲ್ಲ ಅಂತ ಹೇಳುತ್ತದೆ. ಹಾಗಾದಾಗ ಪೈಪ್‌ವೈರ್‌ಗೆ ಕಣ್ಣಿಗೆ ಬೀಳುವುದು ಎಚ್‌ಡಿಎಂಐ ಒಂದೇ, ಅದು ಅಲ್ಲಿಗೇ ಹೋಗುತ್ತದೆ. ವಿಜಿಎ ಮಾನಿಟರ್ ಇದ್ದಾಗ ಬೇರೆ ದಾರಿಯೇ ಇರಲಿಲ್ಲ, ಹಾಗಾಗಿ ಈ ದೋಷ ಗೊತ್ತೂ ಆಗಿರಲಿಕ್ಕಿಲ್ಲ. ಮುಂದಿನ ಹೆಡ್‌ಫೋನ್ ತೂತಿನದು ಕೆಟ್ಟರೆ ಉಲ್ಟಾ: ಏನೂ ಚುಚ್ಚದಿದ್ದರೂ ಹೆಡ್‌ಫೋನ್ ಇದೆ ಅಂತ ಹೇಳಿ, ಹಿಂದಿನ ಸ್ಪೀಕರನ್ನು ಮ್ಯೂಟ್ ಮಾಡಿಸುತ್ತದೆ.

ಮೊದಲು ಸಿಪಿಯು ತಿರುಗಿಸಿ, ಪಿನ್ ಹಸಿರು ತೂತಲ್ಲೇ ಇದೆಯಾ, ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಮಾನಿಟರ್ ಬದಲಾಯಿಸುವಾಗ ಕೇಬಲ್ ಎಳೆದಾಡಿರುತ್ತೀರಿ, ಅಲ್ವಾ? ನೀಲಿ ತೂತು ಹೊರಗಿನ ಸೌಂಡ್ ಒಳಗೆ ತಗೊಳ್ಳೋದಕ್ಕೆ, ಗುಲಾಬಿ ಬಣ್ಣದ್ದು ಮೈಕ್‌ಗೆ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪಿನ್ನನ್ನು ಆ ತೂತಿಗೆ ಕೆಲವು ಸಲ ಹಾಕಿ ತೆಗೆದು ಮಾಡಿ. ಆ ತಿಕ್ಕಾಟಕ್ಕೇ ಎಷ್ಟೋ ಸಲ ಕಿಲುಬು ಬಿಡುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ, ಮಡಿಕೇರಿಗೋ ಕುಶಾಲನಗರಕ್ಕೋ ಹೋದಾಗ ತನ್ನಿ. ಪಿನ್‌ಗೆ ಸ್ವಲ್ಪ ಹೊಡೆದು, ಚುಚ್ಚಿ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ದಯವಿಟ್ಟು ಬೇಡ.

ಮುಂದಿನ ತೂತೇ ಸುಳ್ಳು ಹೇಳುತ್ತಿದ್ದರೆ ಅದರ ಮಾತು ಕೇಳಬೇಡ ಅಂತಲೂ ಹೇಳಬಹುದು. ಆಲ್ಸಾಮಿಕ್ಸರ್‌ನಲ್ಲಿ ಬಲಕ್ಕೆ ಹೋಗುತ್ತಾ ಹೋದರೆ ಆಟೋ-ಮ್ಯೂಟ್ ಮೋಡ್ ಅಂತ ಸಿಗುತ್ತದೆ. ಅದನ್ನು ಡಿಸೇಬಲ್ಡ್ ಮಾಡಿ, ಔಟ್‌ಪುಟ್ ಡಿವೈಸಸ್‌ನಲ್ಲಿ ಪೋರ್ಟನ್ನು ಕೈಯಾರೆ ಲೈನ್ ಔಟ್‌ಗೆ ಇಡಿ. ಅನ್‌ಪ್ಲಗ್ಡ್ ಅಂತ ಬರೆದಿದ್ದರೂ ಆರಿಸಲು ಬಿಡುತ್ತದೆ.

ಡಮ್ಮಿ ಔಟ್‌ಪುಟ್ ಅಂತ ಒಂದೇ ಒಂದು ಸಾಲು ಕಂಡರೆ ಕಥೆ ಬೇರೆ. ಕಾರ್ಡೇ ಕಾಣಿಸುತ್ತಿಲ್ಲ, ಸುಮ್ನೆ ಜಾಗ ತುಂಬಲು ಇದನ್ನಿಟ್ಟಿದ್ದೇನೆ ಅಂತ ಅದರ ಅರ್ಥ. ಟರ್ಮಿನಲ್‌ನಲ್ಲಿ ಎ, ಪಿ, ಎಲ್, ಎ, ವೈ ಹೊಡೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎಲ್ ಹಾಕಿ ಎಂಟರ್ ಒತ್ತಿ. ಕರ್ನಲ್‌ಗೆ ಗೊತ್ತಿರುವ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಅಲ್ಲಿ ಕಾರ್ಡ್ ಇದ್ದು ಮಿಕ್ಸರ್‌ನಲ್ಲಿ ಇಲ್ಲ ಅಂದರೆ ಸರ್ವರ್ ಕಡೆ ಗೊಂದಲ. ಫೈಲ್ ಮ್ಯಾನೇಜರ್‌ನಲ್ಲಿ ಹೋಮ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಚುಕ್ಕಿಯಿಂದ ಶುರುವಾಗುವ ಲೋಕಲ್, ಅದರೊಳಗೆ ಸ್ಟೇಟ್, ಅದರೊಳಗೆ ವೈರ್‌ಪ್ಲಂಬರ್. ಯಾವ ಕಾರ್ಡ್‌ಗೆ ಯಾವ ಪ್ರೊಫೈಲ್ ಅಂತ ನೆನಪಿಡುವುದು ಈ ಫೋಲ್ಡರ್. ಕರೆಂಟ್ ಹೋಗುವಾಗ ಅರ್ಧ ಬರೆದ ಫೈಲ್ ಉಳಿದಿದ್ದರೆ ಇಲ್ಲೇ ಇರುತ್ತದೆ. ಅಳಿಸುವ ಬದಲು ಹೆಸರು ಬದಲಾಯಿಸಿ ರೀಸ್ಟಾರ್ಟ್ ಮಾಡಿ, ಹೊಸದು ತಾನೇ ಹುಟ್ಟುತ್ತದೆ.

ಕರ್ನಲ್ ಪಟ್ಟಿಯಲ್ಲೂ ಕಾರ್ಡ್ ಇಲ್ಲವೇ? ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ ನೋಡಿ. ಅಪ್‌ಡೇಟ್ ಆದ ಮರುದಿನದಿಂದಲೇ ಹೀಗಾಗಿದ್ದರೆ, ಆನ್ ಆಗುವಾಗ ಲಿನಕ್ಸ್ ಎಬ್ಬಿಸುವ ಗ್ರಬ್ ಅನ್ನುವ ಮೆನುವಿನ ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಹಳೇ ಕರ್ನಲ್ ಆರಿಸಿ. ಲ್ಯಾಪ್‌ಟಾಪ್ ಇರುವ ಬೇರೆ ಓದುಗರಿಗೂ ಒಂದು ಮಾತು: ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಮ್ಮಿ ಔಟ್‌ಪುಟ್ ಬಂದರೆ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಇಲ್ಲದಿರುವುದು ದೊಡ್ಡ ಕಾರಣ. ಮಿಂಟ್‌ನಲ್ಲಿ ಅದು ಫರ್ಮ್‌ವೇರ್-ಸೋಫ್-ಸೈನ್ಡ್ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ನಿಮ್ಮ ಹಳೇ ಡೆಸ್ಕ್‌ಟಾಪ್‌ಗೆ ಅದು ಬೇಕಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕುವಾಗ ತಾರೀಕು ನೋಡಿ. ಲಿನಕ್ಸ್‌ನ ಸೌಂಡ್ ವ್ಯವಸ್ಥೆ ಪದೇ ಪದೇ ಮನೆ ಬದಲಾಯಿಸಿದೆ. 2003ರಲ್ಲಿ ಬಂದ 2.6 ಕರ್ನಲ್‌ನೊಂದಿಗೆ ಆಲ್ಸಾ ನೆಲೆಯೂರಿತು. 2008ರ ಹೊತ್ತಿಗೆ, ಮಿಂಟ್‌ಗೆ ಬುಡವಾದ ಉಬುಂಟುಗೆ ಪಲ್ಸ್‌ಆಡಿಯೋ ಅನ್ನುವ ಸೌಂಡ್ ಸರ್ವರ್ ಬಂತು. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ 2021ರಲ್ಲಿ ಪೈಪ್‌ವೈರ್‌ಗೆ ಹೋಯಿತು, ಮಿಂಟ್ 2024ರಲ್ಲಿ, 22ನೇ ಆವೃತ್ತಿಯಿಂದ. ನೀವು ತೆರೆದ ಕಿಟಕಿಯ ಮೇಲೆ ಇನ್ನೂ ಪಲ್ಸ್‌ಆಡಿಯೋ ಅಂತ ಇರುವುದು ಹಳೇ ನಾಮಫಲಕ ಮಾತ್ರ. ಒಳಗೆ ಕೆಲಸ ಮಾಡುವುದು ಪೈಪ್‌ವೈರ್. ಹಾಗಾಗಿ ಪಲ್ಸ್‌ಆಡಿಯೋ ನಿಲ್ಲಿಸಿ, ಅದರ ಫೋಲ್ಡರ್ ಅಳಿಸಿ ಅನ್ನುವ ಹಳೇ ಸಲಹೆ ನಿಮಗೆ ಹೊಂದುವುದಿಲ್ಲ. ಟರ್ಮಿನಲ್‌ನಲ್ಲಿ ಸುಡೋ (ಯಜಮಾನನ ಅಧಿಕಾರ ಕೊಡುವ ಆಜ್ಞೆ) ಹಾಕಿ ಪಲ್ಸ್‌ಆಡಿಯೋವನ್ನೋ ಪೈಪ್‌ವೈರನ್ನೋ ತೆಗೆಯಿರಿ ಅನ್ನುವುದಂತೂ ಅಪಾಯ. ಅದರ ಜೊತೆ ಇನ್ನೇನೇನು ಹೋಗುತ್ತದೆ ಅಂತ ಉದ್ದನೆ ಪಟ್ಟಿ ತೋರಿಸುತ್ತದೆ, ಆತುರದಲ್ಲಿ ಯಾರೂ ಓದದೆ ವೈ ಒತ್ತುತ್ತಾರೆ, ಡೆಸ್ಕ್‌ಟಾಪೇ ಅರ್ಧ ಎದ್ದುಹೋಗಿರುತ್ತದೆ. ಅಂಥದ್ದೇನಾದರೂ ಮಾಡುವ ಮನಸ್ಸಾದರೆ ಮೊದಲು ಟೈಮ್‌ಶಿಫ್ಟ್ ಅನ್ನುವ ಆ್ಯಪ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಮ್‌ನ ನಕಲು, ತೆಗೆದಿಡಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಅಕ್ಕನ ಮಗ ಮಿಂಟ್ ಹಾಕಲು ತಂದಿದ್ದ ಪೆನ್‌ಡ್ರೈವ್ ಇದೆಯಾ ಕೇಳಿ. ಅದರಿಂದ ಬೂಟ್ ಮಾಡಿದರೆ ಡಿಸ್ಕ್ ಮುಟ್ಟದೆ ಹೊಚ್ಚಹೊಸ ಮಿಂಟ್ ತೆರೆಯುತ್ತದೆ. ಇನ್‌ಸ್ಟಾಲ್ ಒತ್ತದೆ, ಅಲ್ಲೇ ಪ್ರೊಫೈಲ್ ಅನಲಾಗ್ ಮಾಡಿ ಪರೀಕ್ಷೆ ಮಾಡಿ. ಸೌಂಡ್ ಬಂದರೆ ಯಂತ್ರ ಗಟ್ಟಿಯಾಗಿದೆ, ನಿಮ್ಮ ಸೆಟ್ಟಿಂಗ್‌ನಲ್ಲೇ ಎಲ್ಲೋ ಸಿಕ್ಕಿಕೊಂಡಿದೆ. ಆಗ ಮೆನುವಿನಲ್ಲಿ ಸಿಸ್ಟಮ್ ರಿಪೋರ್ಟ್ಸ್ ತೆರೆದು, ಸಿಸ್ಟಮ್ ಇನ್ಫರ್ಮೇಶನ್ ಕಾಪಿ ಮಾಡಿ ನನಗೆ ಕಳಿಸಿ. ಚಿಪ್ ಯಾವುದು, ಡ್ರೈವರ್ ಯಾವುದು ಎಲ್ಲ ಅದರಲ್ಲಿರುತ್ತದೆ. "ಸೌಂಡ್ ಬರ್ತಿಲ್ಲ" ಅಂತ ಬರೆದರೆ ಸಾಲದು.

ಪೆನ್‌ಡ್ರೈವ್‌ನಲ್ಲೂ ಬರಲಿಲ್ಲ ಅಂದರೆ ಬೋರ್ಡ್‌ನ ಸೌಂಡ್ ಭಾಗ ಹೋಗಿರಬಹುದು. ಕರೆಂಟ್ ಬಂದು ಹೋಗುವಾಗಿನ ಏಟಿಗೆ, ಸಿಡಿಲಿಗೆ ಹೀಗಾಗುವುದುಂಟು, ಅದಕ್ಕೆ ವಿಂಡೋಸ್ ಹಾಕಿಸಿದರೂ ಉಪಯೋಗವಿಲ್ಲ. ಮದರ್‌ಬೋರ್ಡ್ ಬದಲಾಯಿಸಲು ಹೋಗಬೇಡಿ. ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ, ಬೆರಳುದ್ದ ಇರುತ್ತದೆ, ಸ್ಪೀಕರ್‌ಗೂ ಮೈಕ್‌ಗೂ ತೂತು ಇರುತ್ತದೆ. ಲಿನಕ್ಸ್‌ಗೆ ಬೇರೆ ಡ್ರೈವರ್ ಬೇಕಾಗಿಲ್ಲ. ಚುಚ್ಚಿದ ಮೇಲೆ ಕಾನ್ಫಿಗರೇಶನ್ ಟ್ಯಾಬ್‌ಗೆ ಹೋಗಿ ಹಳೇ ಕಾರ್ಡನ್ನೂ ಎಚ್‌ಡಿಎಂಐಯನ್ನೂ ಆಫ್ ಮಾಡಿಡಿ, ಇಲ್ಲದಿದ್ದರೆ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಸೌಂಡ್ ಮತ್ತೆ ಮಾನಿಟರ್ ಕಡೆಗೇ ಹೋದೀತು.